ಚಳಿಗಾಲದ ಕೋಳಿಗೂಡು: ಕಿಟಕಿಯ ಒಳಮೈಗೆ ಹಿಮ ಕಟ್ಟುತ್ತಿದೆ, ಹೀಟ್ ಲ್ಯಾಂಪ್ ಹಾಕಲೇ?

ಮಿನ್ನಿಗೂಡು · ಮಿನ್ನೆಸೋಟ

ಎಲ್ಲರಿಗೂ ನಮಸ್ಕಾರ. 2025ರ ವಸಂತದಲ್ಲಿ ಡಜನ್ ಮೊಟ್ಟೆ 6 ಡಾಲರ್ ದಾಟಿತಲ್ಲ, ಆಗ ಮರಿ ತಂದವರಲ್ಲಿ ನಾವೂ ಒಬ್ಬರು. ಕೋಳಿಗಳಿಗೂ ನಮಗೂ ಇದು ಮೊದಲ ಚಳಿಗಾಲ. ವಿವರ ಹೀಗಿದೆ:

ಆರು ಹೇಂಟೆ. ಎರಡು ಬಿಳಿ ಲೆಗ್‌ಹಾರ್ನ್, ಎರಡು ಬ್ಯಾರ್ಡ್ ರಾಕ್, ಎರಡು ವಯಾಂಡಾಟ್. ಹುಂಜ ಇಲ್ಲ. ಗೂಡು 4 ಅಡಿ × 6 ಅಡಿ, ಎತ್ತರ 5 ಅಡಿ. ಗೋಡೆಯ ಎರಡು ಪದರ ಪ್ಲೈವುಡ್ ನಡುವೆ ಫೋಮ್ ಹಲಗೆ ಇದೆ. ಚಳಿ ನುಗ್ಗದಿರಲಿ ಎಂದು ಸೂರಿನ ಕೆಳಗಿನ ಗಾಳಿಕಿಂಡಿಗಳಿಗೆಲ್ಲ ಪ್ಲಾಸ್ಟಿಕ್ ಇಟ್ಟು ಟೇಪ್ ಅಂಟಿಸಿದ್ದೇವೆ. ನೀರಿನ ಡಬ್ಬ ಗೂಡಿನ ಒಳಗೇ ಇದೆ.

ಈಗ ರಾತ್ರಿ 5–10 ಫ್ಯಾರನ್‌ಹೀಟ್‌ಗೆ (ಮೈನಸ್ 15–12 ಸೆಲ್ಸಿಯಸ್) ಇಳಿಯುತ್ತಿದೆ. ಬೆಳಿಗ್ಗೆ ಬಾಗಿಲು ತೆಗೆದರೆ ಕಿಟಕಿಗಾಜಿನ ಒಳಮೈಗೆ ಅಕ್ಕಿಹಿಟ್ಟು ಬಳಿದಂತೆ ಹಿಮ ಹಿಡಿದಿರುತ್ತದೆ, ಉಗುರಲ್ಲಿ ಕೆರೆದರೆ ಉದುರುತ್ತದೆ. ಚಾವಣಿಯ ಮೊಳೆತಲೆಗಳ ಮೇಲೂ ಬಿಳಿ ಚುಕ್ಕೆಗಳು. ಬಗ್ಗಿದರೆ ಮೂಗಿಗೆ ಘಾಟು. ಲೆಗ್‌ಹಾರ್ನ್ ಒಂದರ ಜುಟ್ಟಿನ ತುದಿ ಬೂದಿ ಬಣ್ಣಕ್ಕೆ ತಿರುಗಿದೆ.

ಮುಂದಿನ ವಾರ ಮೈನಸ್ 20 ಫ್ಯಾರನ್‌ಹೀಟ್ (ಮೈನಸ್ 29 ಸೆಲ್ಸಿಯಸ್) ಅಂತೆ. 250 ವ್ಯಾಟ್‌ನ ಕೆಂಪು ಹೀಟ್ ಲ್ಯಾಂಪ್ ತಂದಿಟ್ಟಿದ್ದೇನೆ. ನೇತುಹಾಕಲೇ?

ಹಳೇಹುಂಜ · ಮಿಷಿಗನ್

ಲ್ಯಾಂಪ್ ಡಬ್ಬದಲ್ಲೇ ಇರಲಿ. ಮೊದಲು ಹೋಗಿ ಆ ಟೇಪ್ ಕಿತ್ತುಹಾಕಿ, ಇವತ್ತೇ.

ಗಾಜಿನ ಮೇಲಿರುವ ಹಿಮ ಹೊರಗಿಂದ ಬಂದದ್ದಲ್ಲ, ಕೋಳಿಗಳ ಉಸಿರು ಮತ್ತು ಹಿಕ್ಕೆಯ ತೇವ. ಹಸಿ ಹಿಕ್ಕೆಯಲ್ಲಿ ಮುಕ್ಕಾಲು ಪಾಲು ನೀರೇ. ಆ ತೇವಕ್ಕೆ ಹೊರಗೆ ಹೋಗಲು ದಾರಿ ಇಲ್ಲ. ಗಾಜಿನ ಮೇಲೆ ಹೇಗೆ ಕೂರುತ್ತಿದೆಯೋ ಹಾಗೇ ಜುಟ್ಟಿನ ಮೇಲೂ ಕೂರುತ್ತಿದೆ. ಜುಟ್ಟಿಗೆ ಗರಿ ಇಲ್ಲ, ಒದ್ದೆಯಾದ ಚರ್ಮ ಒಣಗಿದ ಚರ್ಮಕ್ಕಿಂತ ಬೇಗ ಹೆಪ್ಪುಗಟ್ಟುತ್ತದೆ. ಲೆಗ್‌ಹಾರ್ನ್ ಜುಟ್ಟು ಎತ್ತರದ್ದು, ತೆಳ್ಳಗಿನದು, ಗರಗಸದ ಹಲ್ಲಿನಂಥದ್ದು. ಹಾಗಾಗಿ ಪೆಟ್ಟು ಮೊದಲು ಅದಕ್ಕೆ. ವಯಾಂಡಾಟ್‌ನದು ತಲೆಗೆ ಅಂಟಿಕೊಂಡ ಚಪ್ಪಟೆ ಜುಟ್ಟು, ಅದಕ್ಕೆ ಏನೂ ಆಗಿರುವುದಿಲ್ಲ, ನೋಡಿ.

ಕೋಳಿಯ ಮೈಬಿಸಿ ಸುಮಾರು 41 ಸೆಲ್ಸಿಯಸ್. ಗರಿ ಉಬ್ಬಿಸಿ ಕೂತರೆ ಗರಿಗಳ ಸಂದಿಯಲ್ಲಿ ನಿಂತ ಗಾಳಿಯೇ ಕಂಬಳಿ. ಅಕ್ಕಪಕ್ಕ ಆರು ಕೂತರೆ ಇನ್ನೂ ಚೆನ್ನ. ಈ ಕಂಬಳಿ ಕೆಡುವುದು ಎರಡರಿಂದ: ಗರಿ ಒದ್ದೆಯಾದರೆ, ಇಲ್ಲವೇ ಗಾಳಿ ನೇರವಾಗಿ ಬಡಿದು ಗರಿ ಬಿಡಿಸಿದರೆ. ಥರ್ಮಾಮೀಟರ್ ಎಷ್ಟು ತೋರಿಸುತ್ತದೆ ಎನ್ನುವುದು ಇವೆರಡರ ನಂತರದ ಮಾತು.

ಘಾಟು ಅಂದಿರಲ್ಲ, ಅದು ಅಮೋನಿಯಾ. ಅದು 25 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 25 ಪಾಲು) ದಾಟಿದರೆ ಕೋಳಿಯ ಕಣ್ಣು, ಶ್ವಾಸನಾಳ ಎರಡಕ್ಕೂ ಕೆಡುಕು. ನಿಂತಾಗಲ್ಲ, ಕೋಳಿ ಕೂರುವ ಮಟ್ಟಕ್ಕೆ ಬಗ್ಗಿ ಮೂಸಬೇಕು. ಮನುಷ್ಯನ ಮೂಗಿಗೆ ಗೊತ್ತಾಗುವಷ್ಟಿದ್ದರೆ ಆಗಲೇ ಜಾಸ್ತಿಯಾಗಿದೆ ಅಂತಲೇ ಲೆಕ್ಕ.

ಲೆಕ್ಕದಪುಸ್ತಕ · ಒಂಟಾರಿಯೊ

ಹಳೇಹುಂಜ ಅವರು ಹೇಳಿದ್ದನ್ನು ಅಂಕಿಯಲ್ಲಿ ಇಡುತ್ತೇನೆ. ಅಂದಾಜು ಲೆಕ್ಕ, ಆದರೆ ದಾರಿ ತೋರಿಸುತ್ತದೆ.

ಒಂದು ಹೇಂಟೆ ದಿನಕ್ಕೆ 200 ಮಿಲಿ ನೀರು ಕುಡಿದರೆ ಆರಕ್ಕೆ 1.2 ಲೀಟರ್. ಮೊಟ್ಟೆಯಲ್ಲಿ ಹೋಗುವುದು ಅಲ್ಪ, ಮಿಕ್ಕಿದ್ದು ಉಸಿರು, ಹಿಕ್ಕೆ. ಹದಿನೈದು ಗಂಟೆಯ ಕತ್ತಲಲ್ಲಿ ಬರೀ 400 ಗ್ರಾಂ ಆವಿಯಾಯಿತು ಅನ್ನಿ. ಮೈನಸ್ 18 ಸೆಲ್ಸಿಯಸ್‌ನ ಗಾಳಿ ಘನಮೀಟರಿಗೆ 1 ಗ್ರಾಂ ಚಿಲ್ಲರೆ ಆವಿ ಹಿಡಿಯುತ್ತದೆ. ಅದೇ ಗಾಳಿ ಗೂಡಿನೊಳಗೆ 0 ಡಿಗ್ರಿಗೆ ಬೆಚ್ಚಗಾದರೆ ಸುಮಾರು 5 ಗ್ರಾಂ. ಅಂದರೆ ಒಳಗೆ ಬಂದು ಹೋಗುವ ಪ್ರತಿ ಘನಮೀಟರ್ ಗಾಳಿ ಹೆಚ್ಚೆಂದರೆ ಮೂರೂವರೆ ಗ್ರಾಂ ತೇವ ಹೊತ್ತೊಯ್ಯುತ್ತದೆ. ನಿಮ್ಮ ಗೂಡು 120 ಘನ ಅಡಿ, 3.4 ಘನಮೀಟರ್. ಲೆಕ್ಕ ಹಾಕಿದರೆ ಗೂಡಿನ ಗಾಳಿ ಗಂಟೆಗೆ ಎರಡು ಸಲವಾದರೂ ಪೂರ್ತಿ ಬದಲಾಗಬೇಕು. ಒಳಗೆ 0 ಅಲ್ಲ, ಮೈನಸ್ 10 ಇದ್ದರೆ ಗಾಳಿ ಹಿಡಿಯುವುದೇ ಎರಡು ಗ್ರಾಂ ಚಿಲ್ಲರೆ. ಆಗ ಮೂರು ಪಟ್ಟು ಗಾಳಿ ಬೇಕು.

ಇದರಿಂದ ತಿಳಿಯುವುದು: ನೀವು ಹಾಕಿಸಿದ ಫೋಮ್ ದಂಡವಲ್ಲ. ಒಳಗಾಳಿ ಒಂದಿಷ್ಟು ಬೆಚ್ಚಗಿದ್ದಷ್ಟೂ ಹೆಚ್ಚು ತೇವ ಹೊತ್ತು ಹೊರಡುತ್ತದೆ. ಕಿಂಡಿ ಮುಚ್ಚಿದಾಗ ಮಾತ್ರ ಅದೇ ಫೋಮ್ ಗೂಡನ್ನು ಇಡ್ಲಿ ಪಾತ್ರೆ ಮಾಡುತ್ತದೆ. ಅಂದಹಾಗೆ ಫೋಮ್ ಎಲ್ಲೂ ಬಯಲಾಗಿರಬಾರದು. ಕಂಡರೆ ಕೋಳಿ ಕುಕ್ಕಿ ತಿನ್ನುತ್ತದೆ.

ಕಿಂಡಿ ಎಷ್ಟಿರಬೇಕು: ನೆಲದ 10 ಚದರ ಅಡಿಗೆ 1 ಚದರ ಅಡಿ. ನಿಮ್ಮದು 24 ಚದರ ಅಡಿ ನೆಲ, ಸುಮಾರು 2.5 ಚದರ ಅಡಿ ಕಿಂಡಿ ಬೇಕು. 6 ಅಡಿ ಉದ್ದದ ಎರಡೂ ಗೋಡೆಗಳಲ್ಲಿ, ಸೂರಿನ ಕೆಳಗೆ, ಪೂರ್ತಿ ಉದ್ದಕ್ಕೆ ಎರಡೂವರೆ ಇಂಚು ಅಗಲ ಕೊಯ್ದರೆ ಸರಿಯಾಗಿ ಅಷ್ಟಾಗುತ್ತದೆ. ಅರ್ಧ ಇಂಚಿನ ಬೆಸುಗೆ ಜಾಲರಿ ಬಡಿಯಿರಿ. ಆರು ಮೂಲೆಯ ಕಣ್ಣಿನ ಕೋಳಿಬಲೆ ಬೇಡ, ಅದು ಕೋಳಿಯನ್ನು ಒಳಗಿಡುತ್ತದೆಯೇ ಹೊರತು ನೋಡಲು ಮುಂಗುಸಿಯಂತಿರುವ ವೀಸಲ್ ಜಾತಿಯ ಸಣ್ಣ ಬೇಟೆಪ್ರಾಣಿಗಳನ್ನು ಹೊರಗಿಡುವುದಿಲ್ಲ. ಇಲ್ಲಿನ ಅರ್ಮಿನ್ ಎಂಬ ವೀಸಲ್ ಒಂದಿಂಚಿನ ಕಂಡಿಯಲ್ಲಿ ನುಸುಳುತ್ತದೆ.

ಮಿನ್ನಿಗೂಡು · ಮಿನ್ನೆಸೋಟ

ಟೇಪ್ ತೆಗೆದೆ. ಆದರೆ ಒಂದು ಅರ್ಥವಾಗುತ್ತಿಲ್ಲ. ಗಾಳಿ ಬಡಿಯಬಾರದು ಅಂತೀರಿ, ಕಿಂಡಿ ತೆಗೀಬೇಕು ಅಂತೀರಿ. ಎರಡೂ ಒಟ್ಟಿಗೆ ಹೇಗೆ? ಇಲ್ಲಿ ಹಿಮಗಾಳಿ ಅಡ್ಡಡ್ಡ ಬೀಸುತ್ತದೆ, ಕಿಂಡಿಯಿಂದ ಪುಡಿಹಿಮ ಒಳಗೆ ಬಂದರೆ?

ಹಳೇಹುಂಜ · ಮಿಷಿಗನ್

ಗಾಳಿ ಓಡಾಡಬೇಕಾದ್ದು ಕೋಳಿಯ ತಲೆಯ ಮೇಲೆ, ಮೈಮೇಲಲ್ಲ. ಹಳ್ಳಿಮನೆಯ ಅಡುಗೆಕೋಣೆ ನೆನಪಿಸಿಕೊಳ್ಳಿ. ಹೊಗೆ ಬೆಳಕಿಂಡಿಯಲ್ಲಿ ಹೋಗುತ್ತಿತ್ತು, ಒಲೆ ಮುಂದೆ ಕೂತವರಿಗೆ ಗಾಳಿ ತಾಗುತ್ತಿರಲಿಲ್ಲ.

ಕೂರುವ ಅಡ್ಡಪಟ್ಟಿ ನೆಲದಿಂದ 2 ಅಡಿ ಇರಲಿ. ಕೂತ ಕೋಳಿಯ ತಲೆ 3 ಅಡಿಗೆ ಬರುತ್ತದೆ. ಕಿಂಡಿ ನಾಲ್ಕೂವರೆ ಅಡಿಯ ಮೇಲೆ. ನಡುವಿನ ಒಂದೂವರೆ ಅಡಿ ನಿಮ್ಮ ರಕ್ಷಣೆ. ನಾಲ್ಕೂವರೆ ಅಡಿಯ ಕೆಳಗೆ ಗೋಡೆಯಲ್ಲಿ, ಬಾಗಿಲ ಸಂದಿಯಲ್ಲಿ, ಮೊಟ್ಟೆಪೆಟ್ಟಿಗೆಯ ಮುಚ್ಚಳದಲ್ಲಿ ಎಲ್ಲೂ ಸೀಳು ಇರಬಾರದು. ಆ ಟೇಪ್ ಬಳಸಬೇಕಾದ ಜಾಗ ಅದು.

ಪರೀಕ್ಷೆ ಸುಲಭ. ಟಾಯ್ಲೆಟ್ ಪೇಪರಿನ ಒಂದು ಗೇಣು ಪಟ್ಟಿಯನ್ನು ಅಡ್ಡಪಟ್ಟಿಯ ಮೇಲೆ ಕೋಳಿ ಕೂರುವ ಎತ್ತರಕ್ಕೆ ದಾರದಲ್ಲಿ ಇಳಿಬಿಡಿ. ಹೊರಗೆ ಗಾಳಿ ಬೀಸುವಾಗ ಬಾಗಿಲು ಮುಚ್ಚಿ ಕಿಟಕಿಯಿಂದ ನೋಡಿ. ಅಲ್ಲಿ ಸುಮ್ಮನೆ ತೂಗಬೇಕು. ಅದೇ ಪಟ್ಟಿ ಕಿಂಡಿಯ ಹತ್ತಿರ ಅಲುಗಾಡಬೇಕು.

ಪುಡಿಹಿಮಕ್ಕೆ: ಗಾಳಿ ಬರುವ ಕಡೆಯ (ನಿಮ್ಮಲ್ಲಿ ಹೆಚ್ಚಾಗಿ ವಾಯವ್ಯ) ಕಿಂಡಿಗೆ ಒಳಗಿಂದ ಎರಡು ಪದರ ಗೋಣಿಬಟ್ಟೆ ಬಡಿಯಿರಿ. ವೇಗ ಸಾಯುತ್ತದೆ, ಹಿಮ ನಿಲ್ಲುತ್ತದೆ, ಆವಿ ಹೋಗುತ್ತದೆ. ಹಿಮಬಿರುಗಾಳಿಯ ದಿನ ಆ ಕಡೆ ಮಾತ್ರ ಮುಚ್ಚಿ, ಎದುರು ಕಡೆಯದು ತೆರೆದೇ ಇರಲಿ. ಗೋಣಿ ತೇವ ಹಿಡಿದು ಗಟ್ಟಿಯಾದರೆ ಗಾಳಿಯಾಡುವುದಿಲ್ಲ, ವಾರಕ್ಕೊಮ್ಮೆ ಕೊಡವಿ.

ಅಡ್ಡಪಟ್ಟಿ ವಿಷಯ ಬಂತು, ಹೇಳಿಬಿಡುತ್ತೇನೆ. ದುಂಡು ಕೋಲು ಚಳಿಗೆ ಸಲ್ಲ. ಟೂ ಬೈ ಫೋರ್ (2×4 ಇಂಚು ಎಂದು ಮಾರುವ ಮರದ ಪಟ್ಟಿ) ತುಂಡನ್ನು ಅಗಲದ ಮುಖ ಮೇಲೆ ಬರುವಂತೆ ಮಲಗಿಸಿ ಕೂರಿಸಿ, ಅಂಚು ಉಜ್ಜಿ. ಅಗಲದ ಮೇಲೆ ಕಾಲ್ಬೆರಳು ಚಪ್ಪಟೆಯಾಗಿ ನಿಂತರೆ ಎದೆಗರಿ ಪೂರ್ತಿ ಮುಚ್ಚುತ್ತದೆ. ದುಂಡು ಕೋಲಾದರೆ ಬೆರಳ ತುದಿ ಕೆಳಗಡೆ ಬಯಲಾಗಿ ಉಳಿಯುತ್ತದೆ, ಹೆಪ್ಪುಗಟ್ಟುವುದು ಅದೇ. ಲೋಹದ ಕೊಳವೆ ಅಂತೂ ಬೇಡವೇ ಬೇಡ. ಕೋಳಿಗೆ 10 ಇಂಚಿನಂತೆ ಆರಕ್ಕೆ 5 ಅಡಿ, ನಿಮ್ಮ 6 ಅಡಿಗೆ ಒಂದೇ ಪಟ್ಟಿ ಸಾಕು. ಗೋಡೆಯಿಂದ ಒಂದಡಿ ಆಚೆಗಿರಲಿ, ಬಾಲ ಗೋಡೆಯ ಹಿಮಕ್ಕೆ ತಾಗದಂತೆ.

ಬೆಚ್ಚನೆಮೂಲೆ · ಒಹಾಯೊ

ಎಲ್ಲರೂ ಲ್ಯಾಂಪ್ ಬೇಡ ಅಂತೀರಿ. ಮೈನಸ್ 20 ಅಂದರೆ ಆಟವೇ? ಸರಪಳಿ ಹಾಕಿ ಭದ್ರವಾಗಿ ಕಟ್ಟಿದರೆ ಏನಾಗುತ್ತದೆ? ಎಷ್ಟೋ ಜನ ಹಾಕುತ್ತಾರಲ್ಲ.

ಫ್ಯೂಸ್‌ಪೆಟ್ಟಿಗೆ · ವಿಸ್ಕಾನ್ಸಿನ್

ಬೆಚ್ಚನೆಮೂಲೆ ಅವರೇ, ಏನಾಗುತ್ತದೆ ಅಂತ ಬಿಡಿಸಿ ಹೇಳ್ತೀನಿ. 250 ವ್ಯಾಟ್ ಬಲ್ಬಿನ ಮೂತಿ ಒಣ ಮರದ ಸಿಪ್ಪೆಯನ್ನು ಹೊತ್ತಿಸುವಷ್ಟು ಕಾಯುತ್ತದೆ. ಕೋಳಿ ಮೇಲಕ್ಕೆ ಹಾರಿ ರೆಕ್ಕೆ ಬಡಿದರೆ ತಗಡಿನ ಟೋಪಿ ಕ್ಲಿಪ್ಪಿನಿಂದ ಜಾರುತ್ತದೆ. ಸರಪಳಿ ಟೋಪಿಯನ್ನು ಹಿಡಿದಿರುತ್ತದೆ ನಿಜ, ಆದರೆ ಬಲ್ಬು ಹೋಲ್ಡರಿನಿಂದ ಸಡಿಲವಾಗಿ ಬೀಳಬಹುದು, ಬಿಸಿ ಗಾಜಿಗೆ ನೀರ ಹನಿ ಸಿಡಿದರೆ ಒಡೆಯಬಹುದು. ಗೂಡಿನ ಗರಿದೂಳು ಬಲ್ಬಿನ ಮೇಲೆ, ಹೋಲ್ಡರಿನೊಳಗೆ ಕೂತು ಸುಡುತ್ತದೆ. ಸಾಲದ್ದಕ್ಕೆ 5 ಅಡಿ ಎತ್ತರದ ಗೂಡಲ್ಲಿ ಹಾಸಿಗೂ ಬಲ್ಬಿಗೂ ಸುರಕ್ಷಿತ ಅಂತರವೇ ಸಿಗುವುದಿಲ್ಲ. ಸುಟ್ಟುಹೋದ ಗೂಡು ಎಷ್ಟೋ ಸಲ ಮನೆಗೋಡೆಗೆ ಒರಗಿದ್ದೇ ಆಗಿರುತ್ತದೆ.

ಎರಡನೆಯದು ಬೆಂಕಿಗೆ ಸಂಬಂಧಿಸಿದ್ದಲ್ಲ. ಕೋಳಿ ಚಳಿಗೆ ಹೊಂದಿಕೊಳ್ಳುವುದು ವಾರಗಟ್ಟಲೆ: ಒಳಪುಕ್ಕ ದಟ್ಟವಾಗುತ್ತದೆ, ತಿನ್ನುವ ಪ್ರಮಾಣ ಏರುತ್ತದೆ. ಬೆಚ್ಚಗಿನ ಗೂಡಲ್ಲಿ ಬೆಳೆದ ಕೋಳಿಗೆ ಆ ತಯಾರಿ ಇರುವುದಿಲ್ಲ. ಅತಿ ಚಳಿಯ ರಾತ್ರಿಯಲ್ಲೇ ಕರೆಂಟ್ ಹೋಗುವುದು. 2021ರ ಫೆಬ್ರವರಿಯಲ್ಲಿ ಟೆಕ್ಸಸ್‌ನಲ್ಲಿ ಆದದ್ದು ನೆನಪಿರಬಹುದು, ಲಕ್ಷಾಂತರ ಮನೆಗಳಿಗೆ ದಿನಗಟ್ಟಲೆ ಕರೆಂಟ್ ಇರಲಿಲ್ಲ. 50 ಡಿಗ್ರಿ ಫ್ಯಾರನ್‌ಹೀಟ್‌ನಿಂದ ಗಂಟೆಯೊಳಗೆ ಸೊನ್ನೆಗೆ ಬಿದ್ದ ಕೋಳಿ ಸಾಯಬಹುದು. ಸೊನ್ನೆಯಲ್ಲೇ ಇದ್ದದ್ದು ಗರಿ ಉಬ್ಬಿಸಿ ಕೂರುತ್ತದೆ.

ಖರ್ಚು ನೋಡಿ: 250 ವ್ಯಾಟ್ ದಿನವಿಡೀ ಉರಿದರೆ 6 ಯೂನಿಟ್. ಯೂನಿಟ್‌ಗೆ 15 ಸೆಂಟಿನಂತೆ ತಿಂಗಳಿಗೆ 27 ಡಾಲರ್. ಅಷ್ಟು ದುಡ್ಡಿಗೆ ಒಂದು ಮೂಟೆ ಫೀಡ್ ಬರುತ್ತದೆ.

ಬೇಕೇಬೇಕು ಅನ್ನುವವರು (ಗರಿ ಉದುರಿಸುತ್ತಿರುವ ಕೋಳಿ, ಕಾಯಿಲೆಯದು, ಸಿಲ್ಕಿಯಂಥ ಜಾತಿ ಇದ್ದರೆ) ಗೋಡೆಗೆ ತಿರುಪು ಹಾಕಿ ಕೂರಿಸುವ 150–200 ವ್ಯಾಟ್‌ನ ಚಪ್ಪಟೆ ಹೀಟರ್ ಫಲಕ ತನ್ನಿ. ಅದು ಗಾಳಿಯನ್ನಲ್ಲ, ಹತ್ತಿರ ನಿಂತ ಮೈಯನ್ನು ಬಿಸಿಮಾಡುತ್ತದೆ. ಹೀಟರಿನ ಗುರಿ ಗೂಡನ್ನು ಮನೆಯಂತೆ ಮಾಡುವುದಲ್ಲ, ಅಬ್ಬಬ್ಬಾ ಅಂದರೆ ಐದಾರು ಡಿಗ್ರಿ ಏರಿಸುವುದು.

ಸುಮಾ_ಹಿತ್ತಲು · ನ್ಯೂಯಾರ್ಕ್ ರಾಜ್ಯ

ಜುಟ್ಟಿಗೆ ವ್ಯಾಸಲೀನ್ ಹಚ್ಚಬೇಕು ಅಂತಾರಲ್ಲ, ಅದು ಸರಿಯೇ? ಮತ್ತೆ ಆ ಬೂದಿಬಣ್ಣದ ತುದಿಗೆ ಏನು ಮಾಡಬೇಕು?

ಹಳೇಹುಂಜ · ಮಿಷಿಗನ್

ವ್ಯಾಸಲೀನ್ ನೀರು ತಾಗದಂತೆ ತಡೆಯುತ್ತದೆ, ಚಳಿ ತಡೆಯುವುದಿಲ್ಲ. ಹಚ್ಚಿದರೆ ಕೇಡಿಲ್ಲ, ಆದರೆ ಒದ್ದೆ ಗೂಡಿಗೆ ಅದು ಮದ್ದೂ ಅಲ್ಲ. ದಿನಾ ಆರು ಕೋಳಿ ಹಿಡಿದು ಹಚ್ಚುವ ಹೊತ್ತಿಗೆ ಹಿಕ್ಕೆ ಕೆರೆದು ಹಾಕಬಹುದು, ಅದರ ಲಾಭ ಜಾಸ್ತಿ.

ಬೂದಿ ತುದಿಯನ್ನು ಉಜ್ಜಬೇಡಿ. ಹೇರ್ ಡ್ರೈಯರ್ ಹಿಡಿಯಬೇಡಿ. ಹೆಪ್ಪುಗಟ್ಟಿದ ಚರ್ಮ ಉಜ್ಜಿದರೆ ಒಳಗೆ ಹರಿಯುತ್ತದೆ, ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದರೆ ಇನ್ನಷ್ಟು ಒಳಕ್ಕೆ ಸಾಯುತ್ತದೆ. ಕೆಲವು ದಿನಕ್ಕೆ ಕಪ್ಪಾಗಿ, ಒಣಗಿ, ವಾರಗಳ ಮೇಲೆ ತಾನೇ ಉದುರುತ್ತದೆ. ಆ ಕಪ್ಪು ತುದಿ ಕೆಳಗಿನ ಜೀವಂತ ಭಾಗಕ್ಕೆ ಮುಚ್ಚಳ, ಕತ್ತರಿಸಬೇಡಿ. ಗುಳ್ಳೆ ಎದ್ದರೆ ಒಡೆಯಬೇಡಿ. ಊತ ಬುಡಕ್ಕೆ ಇಳಿದರೆ, ಕೀವು ಕಂಡರೆ, ಕಾಲಿಗೆ ಆಗಿದ್ದರೆ ಪಶುವೈದ್ಯರು. ಮಿಕ್ಕ ಕೋಳಿಗಳು ಕಪ್ಪು ತುದಿ ಕುಕ್ಕುತ್ತಿದ್ದರೆ ಬೇರೆ ಮಾಡಿ.

ಮುಂದೆ ಮರಿ ಕೊಳ್ಳುವಾಗ ಜಾತಿ ನೋಡಿ ತನ್ನಿ. ಕ್ವಿಬೆಕ್‌ನ ಓಕಾ ಮಠದ ಸನ್ಯಾಸಿ ಬ್ರದರ್ ವಿಲ್ಫ್ರಿಡ್ ಶಾತೆಲೆನ್ ಇದೇ ತೊಂದರೆಗೆಂದೇ ಕಟ್ಟಿದ ತಳಿ ಶಾಂಟೆಕ್ಲೇರ್. ಜುಟ್ಟು ತಲೆಗೆ ಅಂಟಿದ ಪುಟ್ಟ ದಿಂಬಿನಂತೆ, ಗಲ್ಲದ ಜೋಲು ಇದ್ದೂ ಇಲ್ಲದಂತೆ. ಓಹಾಯೊದ ನೆಟ್ಟಿ ಮೆಟ್‌ಕಾಫ್ ಬೆಳೆಸಿದ ಬಕ್‌ಐ ಕೂಡ ಚಿಕ್ಕ ಜುಟ್ಟಿನದೇ.

ನಲ್ಲಿನೀರು · ಮಿನ್ನೆಸೋಟ

ನೀರಿನ ಬಗ್ಗೆ ಯಾರೂ ಬರೆದಿಲ್ಲ, ಚಳಿಗಾಲದ ಮುಕ್ಕಾಲು ಕೆಲಸ ಅದೇ.

ಮೊದಲನೆಯದಾಗಿ ಡಬ್ಬ ಗೂಡಿನಿಂದ ಆಚೆ, ಮೇಲೆ ಸೂರಿರುವ ಓಡಾಟದ ಜಾಗಕ್ಕೆ ಬರಲಿ. ಕತ್ತಲಲ್ಲಿ ಕೋಳಿ ಕೆಳಗಿಳಿದು ಕುಡಿಯುವುದಿಲ್ಲ, ರಾತ್ರಿ ಒಳಗೆ ನೀರಿಟ್ಟರೆ ಅದು ಆವಿಯಾಗುವುದಕ್ಕೇ ಇಟ್ಟಂತೆ. ಬೆಳಕಾದ ತಕ್ಷಣ ಸಿಕ್ಕರೆ ಸಾಕು. ಹಿಮ ತಿಂದು ಬದುಕುತ್ತವೆ ಅಂತ ಬಿಡಬೇಡಿ: ಅದನ್ನು ಕರಗಿಸಲು ಮೈಬಿಸಿ ಖರ್ಚು, ಸಿಗುವ ನೀರೂ ಕಡಿಮೆ. ನೀರು ಕಡಿಮೆಯಾದರೆ ಕೋಳಿ ಮೇವು ಬಿಡುತ್ತದೆ, ಮೇವು ಬಿಟ್ಟರೆ ಮೈಬಿಸಿ ಇಲ್ಲ.

ಕರೆಂಟ್ ಇಲ್ಲದವರಿಗೆ: ಕಪ್ಪು ರಬ್ಬರ್ ಬೋಗುಣಿ ಎರಡು. ಒಂದು ಹೊರಗೆ, ಒಂದು ಮನೆಯಲ್ಲಿ. ಹೆಪ್ಪುಗಟ್ಟಿದ್ದನ್ನು ಬೋರಲು ಹಾಕಿ ಕಾಲಲ್ಲಿ ತುಳಿದರೆ ಐಸ್ ಒಂದೇ ಬಿಲ್ಲೆಯಾಗಿ ಬೀಳುತ್ತದೆ. ಪ್ಲಾಸ್ಟಿಕ್ ಆದರೆ ಸೀಳುತ್ತದೆ. ದಿನಕ್ಕೆ ಮೂರು ಸಲ ಬದಲಿಸಬೇಕು. ನೀರಿಗೆ ಉಪ್ಪು ಹಾಕಿದರೆ ಹೆಪ್ಪುಗಟ್ಟಲ್ಲ ಅನ್ನುವ ಸಲಹೆ ಓಡಾಡುತ್ತಿದೆ, ದಯವಿಟ್ಟು ಬೇಡ. ಹೆಚ್ಚು ಉಪ್ಪು ಕೋಳಿಗೆ ವಿಷ.

ಕರೆಂಟ್ ಇರುವವರಿಗೆ: ಬಿಸಿಯಾಗುವ ನಾಯಿ ಬೋಗುಣಿ ಅಗ್ಗ, ಆದರೆ ಜೋಲು ಮುಳುಗಿ ಒದ್ದೆಯಾಗುತ್ತದೆ. ಅದಕ್ಕಿಂತ ಅಡ್ಡಕ್ಕೆ ಕೂರುವ ನಿಪ್ಪಲ್ (ಕೋಳಿ ಕುಕ್ಕಿದಾಗ ನೀರು ಬಿಡುವ ಪುಟ್ಟ ನಳಿಕೆ) ಹಾಕಿದ ಬಕೆಟ್ ಮೇಲು. ಕೆಳಮುಖದ ನಿಪ್ಪಲ್ ತೊಟ್ಟಿಕ್ಕಿ ಅಲ್ಲೇ ಐಸ್ ಕಡ್ಡಿ ಕಟ್ಟುತ್ತದೆ. ಎರಡು ಗ್ಯಾಲನ್ ಬಕೆಟ್, ತಳದಿಂದ ಎರಡು ಇಂಚು ಮೇಲೆ ಎರಡು ನಿಪ್ಪಲ್ (ಮೂರ್ನಾಲ್ಕು ಕೋಳಿಗೆ ಒಂದರಂತೆ), ಒಳಗೆ ಪ್ಲಾಸ್ಟಿಕ್ ಪಾತ್ರೆಗೆ ಆಗುತ್ತದೆ ಎಂದು ಬರೆದಿರುವ ಮುಳುಗು ಹೀಟರ್. ಆ ಬರಹ ಇಲ್ಲದ ಹೀಟರ್ ನೀರು ಮುಗಿದ ದಿನ ಬಕೆಟ್ಟಿನ ತಳ ಕರಗಿಸುತ್ತದೆ. ಮೈನಸ್ 10 ಫ್ಯಾರನ್‌ಹೀಟ್ ದಾಟಿದರೆ ನೀರು ಬಿಸಿಯಿದ್ದೂ ನಿಪ್ಪಲಿನ ಲೋಹದ ಕಡ್ಡಿ ಕಚ್ಚಿಕೊಳ್ಳಬಹುದು, ಬೆಳಿಗ್ಗೆ ಬೆರಳಲ್ಲಿ ಒತ್ತಿ ನೋಡಿ.

ಕೈಕೊಡುವುದು ಎರಡು ಕಡೆ. ಒಂದು, ಥರ್ಮೋಸ್ಟಾಟ್ ಪ್ಲಗ್. ಅದು 35 ಫ್ಯಾರನ್‌ಹೀಟ್‌ಗೆ ಹತ್ತಿ 45ಕ್ಕೆ ಆರುತ್ತದೆ, ಆದರೆ ಅಳೆಯುವುದು ತಾನು ಇರುವ ಜಾಗದ ಗಾಳಿಯನ್ನು. ಪ್ಲಗ್ ಬೆಚ್ಚಗಿನ ಗ್ಯಾರೇಜಿನೊಳಗೆ ಇದ್ದರೆ ಹತ್ತುವುದೇ ಇಲ್ಲ, ಆಚೆ ನೀರು ಕಲ್ಲಾಗಿರುತ್ತದೆ. ಎರಡು, ಜಿಎಫ್‌ಸಿಐ ಸಾಕೆಟ್, ಅಂದರೆ ಕರೆಂಟ್ ಸೋರಿದರೆ ತಾನೇ ಆರುವಂಥದ್ದು. ತೇವಕ್ಕೆ ಸದ್ದಿಲ್ಲದೆ ಟ್ರಿಪ್ ಆಗುತ್ತದೆ. ಅದೇ ಲೈನಿಗೆ ಅಡುಗೆಮನೆ ಕಿಟಕಿಯಿಂದ ಕಾಣುವಂತೆ ಒಂದು ಪುಟ್ಟ ನೈಟ್ ಲ್ಯಾಂಪ್ ಸಿಕ್ಕಿಸಿ. ಅದು ಆರಿದ್ದರೆ ಬೂಟು ಹಾಕಿಕೊಂಡು ಹೊರಡಿ.

ಫ್ಯೂಸ್‌ಪೆಟ್ಟಿಗೆ · ವಿಸ್ಕಾನ್ಸಿನ್

ಇದಕ್ಕೊಂದು ಬಾಲಂಗೋಚಿ: ವೈರು ಹೊರಾಂಗಣದ್ದು, 14 ಗೇಜ್ ಅಥವಾ ಅದಕ್ಕಿಂತ ದಪ್ಪ. ಎರಡು ವೈರು ಜೋಡಿಸುವ ಜಾಗ ಹಿಮದಲ್ಲಿ ಹೂತಿರಬಾರದು. ಸಾಕೆಟ್ಟಿನ ಕೆಳಗೆ ವೈರು ಒಂದು ಸುತ್ತು ಇಳಿಬಿದ್ದು ಮೇಲೇರಲಿ, ಹನಿ ಅಲ್ಲೇ ತೊಟ್ಟಿಕ್ಕುತ್ತದೆ, ಪಿನ್ನಿಗೆ ಹೋಗುವುದಿಲ್ಲ.

ಸುಮಾ_ಹಿತ್ತಲು · ನ್ಯೂಯಾರ್ಕ್ ರಾಜ್ಯ

ಮೇವು ಎಷ್ಟು ಹೆಚ್ಚಿಸಬೇಕು? ಮನೇಲಿ ಮಿಕ್ಕ ಅನ್ನ, ಉಪ್ಪಿಟ್ಟು ಬಿಸಿಮಾಡಿ ಹಾಕಿದರೆ ಬೆಚ್ಚಗಿರುತ್ತವಾ?

ಲೆಕ್ಕದಪುಸ್ತಕ · ಒಂಟಾರಿಯೊ

ಮಾಮೂಲಿ ದಿನದಲ್ಲಿ ಹೇಂಟೆಗೆ 115 ಗ್ರಾಂ ಲೇಯರ್ ಫೀಡ್, ಚಳಿಗೆ 140ರವರೆಗೂ ಏರುತ್ತದೆ. ಆರಕ್ಕೆ 850 ಗ್ರಾಂ ಹತ್ತಿರ. 50 ಪೌಂಡಿನ ಮೂಟೆ ಇಪ್ಪತ್ತಾರು ದಿನಕ್ಕೆ ಮುಗಿಯುತ್ತದೆ. ಅಳೆದು ಹಾಕಬೇಡಿ, ಹಗಲಿಡೀ ತೊಟ್ಟಿಯಲ್ಲಿರಲಿ, ಅವಕ್ಕೆ ಬೇಕಾದಷ್ಟು ತಿನ್ನುತ್ತವೆ. ಕಲ್ಲುಹರಳು ಬೇರೆ ಬಟ್ಟಲಲ್ಲಿ ಇಡಲೇಬೇಕು. ನೆಲ ಹಿಮದಲ್ಲಿ ಮುಚ್ಚಿದಾಗ ಹರಳು ಸಿಗುವುದಿಲ್ಲ, ಹರಳಿಲ್ಲದೆ ಕಾಳು ಅರೆಯುವುದಿಲ್ಲ. ಸಿಂಪಿಚಿಪ್ಪಿನ ಪುಡಿ ಇನ್ನೊಂದು ಬಟ್ಟಲಲ್ಲಿ.

ಮೆಕ್ಕೆಜೋಳದ ನುಚ್ಚು ಸಂಜೆ, ಗೂಡು ಸೇರುವ ಅರ್ಧ ಗಂಟೆ ಮುಂಚೆ, ಕೋಳಿಗೊಂದು ಚಮಚದಂತೆ. ಜೀರ್ಣವಾಗುವಾಗ ರಾತ್ರಿಯೆಲ್ಲ ಬಿಸಿ ಕೊಡುತ್ತದೆ. ಹತ್ತನೇ ಒಂದು ಪಾಲಿಗಿಂತ ಜಾಸ್ತಿ ಬೇಡ. ಜೋಳದಲ್ಲಿ ಪ್ರೋಟೀನ್ ಶೇಕಡ 8–9 ಮಾತ್ರ, ಫೀಡಿನಲ್ಲಿ 16. ಜೋಳದಲ್ಲೇ ಹೊಟ್ಟೆ ತುಂಬಿದರೆ ಪಿತ್ತಜನಕಾಂಗದಲ್ಲಿ ಕೊಬ್ಬು ಕೂರುತ್ತದೆ, ಗರಿ ಹುಟ್ಟುವುದಿಲ್ಲ. ಗರಿ ಬಹುಪಾಲು ಪ್ರೋಟೀನೇ, ಗರಿ ಉದುರಿಸುವ ಕಾಲದಲ್ಲಿ ಶೇಕಡ 18–20ರ ಫೀಡ್ ಕೊಡಿ.

ಉಪ್ಪಿಟ್ಟು, ಚಿತ್ರಾನ್ನ, ಸಾರನ್ನ ಬೇಡ, ಉಪ್ಪು. ಬರೀ ಅನ್ನ ಒಂದು ಹಿಡಿ ಆಗಬಹುದು. ಬೇಯಿಸದ ರಾಜ್ಮಾ ಕಾಳು, ಬೆಣ್ಣೆಹಣ್ಣಿನ ಸಿಪ್ಪೆ, ಓಟೆ ವಿಷ. ಬಿಸಿಗಂಜಿ ಕಲಸಿ ಹಾಕಿದರೆ ಹತ್ತು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಹಾಕಿ. ಗಡ್ಡಕ್ಕೆ ಮೆತ್ತಿದ ಗಂಜಿ ಅಲ್ಲೇ ಐಸಾಗುತ್ತದೆ.

ಮಿನ್ನಿಗೂಡು · ಮಿನ್ನೆಸೋಟ

ಮೊಟ್ಟೆ ದಿನಕ್ಕೆ ಐದರಿಂದ ಎರಡಕ್ಕೆ ಇಳಿದಿದೆ. ದೀಪ ಹಾಕಬೇಕಾ?

ಹಳೇಹುಂಜ · ಮಿಷಿಗನ್

ಅದು ಚಳಿಯಿಂದಲ್ಲ, ಹಗಲು ಕಿರಿದಾದ್ದರಿಂದ. ಮಿನ್ನಿಯಾಪೊಲಿಸ್‌ನಲ್ಲಿ ಡಿಸೆಂಬರ್ ಕೊನೆಗೆ ಹಗಲು 9 ಗಂಟೆಯೂ ಇಲ್ಲ. ಮೊಟ್ಟೆಗೆ 14 ಗಂಟೆ ಬೆಳಕು ಬೇಕು. ಹಾಕುವುದಾದರೆ ಬೆಳಗಿನ ಜಾವಕ್ಕೆ ಟೈಮರ್ ಇಡಿ, ಸಂಜೆಗೆ ಬೇಡ. ಸಂಜೆ ದೀಪ ಫಕ್ಕನೆ ಆರಿದರೆ ಕೋಳಿಗೆ ಅಡ್ಡಪಟ್ಟಿ ಕಾಣದೆ ನೆಲದಲ್ಲೇ ಉಳಿಯುತ್ತದೆ. ನಾಲ್ಕೂವರೆಗೆ ಸೂರ್ಯ ಮುಳುಗುವ ಊರಲ್ಲಿ 14 ಗಂಟೆ ಅಂದರೆ ರಾತ್ರಿ ಎರಡೂವರೆಗೆ ದೀಪ ಹತ್ತಬೇಕು. ಪಕ್ಕದ ಮನೆಯವರಿಗೆ ಮೊದಲೇ ಹೇಳಿಡಿ. ವಾರಕ್ಕೆ ಅರ್ಧ ಗಂಟೆಯಂತೆ ಹೆಚ್ಚಿಸಿ. 24 ಚದರ ಅಡಿಗೆ 3–5 ವ್ಯಾಟ್‌ನ ಹಳದಿ ಎಲ್‌ಇಡಿ ಧಾರಾಳ, ಮೇವಿನ ತೊಟ್ಟಿ ಹತ್ತಿರ ಪತ್ರಿಕೆ ಓದುವಷ್ಟು ಬೆಳಕು. ಶುರುಮಾಡಿ ನಡುವೆ ನಿಲ್ಲಿಸಿದರೆ ಜನವರಿಯಲ್ಲಿ ಗರಿ ಉದುರಿಸಲು ತೊಡಗಬಹುದು, ಅದಕ್ಕಿಂತ ಹಾಕದಿರುವುದೇ ಮೇಲು. ನನ್ನ ಮತ ಕೇಳಿದರೆ ಬೇಡ, ಎರಡು ಸಾಕು.

ಇರುವ ಎರಡನ್ನು ಮಧ್ಯಾಹ್ನವೂ ಸಂಜೆಯೂ ತೆಗೆಯಿರಿ. ಹೆಪ್ಪುಗಟ್ಟಿ ಉದ್ದಕ್ಕೆ ಸೀಳಿದ ಮೊಟ್ಟೆ ತಿನ್ನಬೇಡಿ.

ಲೆಕ್ಕದಪುಸ್ತಕ · ಒಂಟಾರಿಯೊ

ಹಾಸಿನ ಬಗ್ಗೆ. ಪೈನ್ ಶೇವಿಂಗ್ಸ್, ಅಂದರೆ ಬಡಗಿ ಕೀಸಿದಾಗ ಬರುವ ಸುರುಳಿ ಸಿಪ್ಪೆ. 8 ಘನ ಅಡಿಯ ಒಂದು ಚೀಲ ನಿಮ್ಮ ಗೂಡಿಗೆ 4 ಇಂಚು ಬರುತ್ತದೆ, ಎರಡು ಚೀಲ ಸುರಿಯಿರಿ. ಗೋಧಿ ಹುಲ್ಲು ಮೇಲೆ ಚಾಪೆ ಕಟ್ಟಿ ಕೆಳಗೆ ತೇವ ಹಿಡಿಯುತ್ತದೆ, ಬೂಷ್ಟು ಹಿಡಿದ ಒಣಹುಲ್ಲು ಶ್ವಾಸಕೋಶದ ಶಿಲೀಂಧ್ರಕ್ಕೆ ದಾರಿ, ಸೀಡರ್ ಸಿಪ್ಪೆಯ ವಾಸನೆ ಕೋಳಿಯ ಶ್ವಾಸಕ್ಕೆ ಆಗದು. ಪರೀಕ್ಷೆ: ಒಂದು ಹಿಡಿ ತೆಗೆದು ಬಿಗಿಯಾಗಿ ಹಿಸುಕಿ ಬಿಡಿ. ಉದುರಿದರೆ ಸರಿ. ಉಂಡೆಯಾಗಿ ನಿಂತರೆ ಆ ಭಾಗ ತೆಗೆದು ಹೊಸದು ಹಾಕಿ.

ಹಾಸು ತಾನೇ ಗೊಬ್ಬರವಾಗುತ್ತಾ ಗೂಡಿಗೆ ಬಿಸಿ ಕೊಡುತ್ತದೆ ಅನ್ನುವ ಮಾತು ಇಷ್ಟು ಚಿಕ್ಕ, ನೆಲದಿಂದ ಎತ್ತಿದ ಗೂಡಿಗೆ ಹೊಂದದು. ತಳ ಹೆಪ್ಪುಗಟ್ಟಿದ ಮೇಲೆ ಯಾವ ಸೂಕ್ಷ್ಮಾಣು ಕೆಲಸ ಮಾಡುತ್ತದೆ? ಅದರ ಬದಲು ಅಡ್ಡಪಟ್ಟಿಯ ಕೆಳಗೆ 2 ಅಡಿ ಅಗಲದ ಹಲಗೆ ಇಟ್ಟು, ಬೆಳಿಗ್ಗೆ ಬಣ್ಣ ಕೆರೆಯುವ ಅಗಲ ಬ್ಲೇಡಿನಿಂದ ಹಿಕ್ಕೆ ಎತ್ತಿ. ಚಳಿಗೆ ಗೋಲಿಯಂತೆ ಗಟ್ಟಿಯಾಗಿರುತ್ತದೆ, ಎರಡು ನಿಮಿಷದ ಕೆಲಸ. ಗೂಡಿನ ಅರ್ಧ ತೇವ ಅಲ್ಲೇ ಹೊರಟುಹೋಯಿತು.

ಬೀದರ್_ಗಿರಿರಾಜ · ಬೀದರ್

ನಿಮ್ಮಷ್ಟು ಛಳಿ ನಮ್ಮಲ್ಲಿ ಇಲ್ರಿ. ಆದ್ರ ಡಿಸೆಂಬರ್–ಜನವರಿಯೊಳಗ ರಾತ್ರಿ 10 ಡಿಗ್ರಿ ಕೆಳಗೂ ಇಳೀತದ. ದೊಡ್ಡ ಕೋಳಿಗೆ ಅದು ಲೆಕ್ಕಿಲ್ಲ, ಸಾಯೋದು ಮರಿ. ನೀವು ಹೇಳಿದ್ದೆಲ್ಲ ಮರಿಗೆ ಉಲ್ಟಾ ಅದ, ಮರಿಗೆ ಕಾವು ಬೇಕೇ ಬೇಕು. ಈ ಕಡೆ ಓದೋರಿಗೆ ಉಪಯೋಗ ಆಗ್ಲಿ ಅಂತ ಬರೀತೀನಿ.

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನವರು ತಂದ ಗಿರಿರಾಜ ಆಗ್ಲಿ, ನಾಟಿ ಆಗ್ಲಿ, ಮೊದಲ ವಾರ ಮರಿ ಬೆನ್ನಿನ ಮಟ್ಟದಾಗ 35 ಡಿಗ್ರಿ ಸೆಲ್ಸಿಯಸ್ ಬೇಕು, ಆಮ್ಯಾಲ ವಾರಕ್ಕ 3 ಡಿಗ್ರಿ ಇಳಿಸ್ಕೋತ ಹೋಗ್ರಿ. 50 ಮರಿಗೆ 5 ಅಡಿ ಅಡ್ಡಳತೆಯ ದುಂಡನೆ ತಗಡಿನ ಬೇಲಿ, ಒಂದೂವರೆ ಅಡಿ ಎತ್ತರ. ಮೂಲಿ ಇರಬಾರದು, ಮೂಲ್ಯಾಗ ಒತ್ತೊತ್ತಿ ಕೂತು ಕೆಳಗಿನವು ಉಸಿರುಗಟ್ಟಿ ಸಾಯ್ತಾವ. ಮರಿಗೆ 2 ವ್ಯಾಟ್ ಲೆಕ್ಕ: 100 ವ್ಯಾಟಿಂದು ಒಂದೇ ಹಾಕೋ ಬದಲು 60ರದು ಎರಡು ಹಾಕ್ರಿ, ಒಂದು ಸುಟ್ರ ಇನ್ನೊಂದು ಇರ್ತದ. ಎಲ್‌ಇಡಿ ಹಾಕಿ ಮರಿ ಯಾಕ ಸತ್ತವು ಅಂತ ಕೇಳೋರು ಬಾಳ ಮಂದಿ. ಎಲ್‌ಇಡಿ ಬೆಳಕು ಕೊಡ್ತದ, ಕಾವು ಕೊಡಂಗಿಲ್ಲ. ಹಳೀ ತಂತಿ ಬಲ್ಬೇ ಬೇಕು.

ಥರ್ಮಾಮೀಟರ್ ಇಲ್ಲಂದ್ರ ಮರಿನೇ ನೋಡ್ರಿ. ಬಲ್ಬಿನ ಬುಡಕ್ಕ ಗುಂಪುಗಟ್ಟಿ ಚೀಂವ್‌ಗುಟ್ಟಿದ್ರ ಛಳಿ, ಬೇಲಿಗಂಟ ಹೋಗಿ ಬಾಯಿ ತಕ್ಕೊಂಡು ಕೂತ್ರ ಸೆಕೆ, ಎಲ್ಲಾ ಕಡೆ ಹರಡಿ ಮಲಗಿದ್ರ ಸರಿ.

ಕರೆಂಟ್ ಹೋದಾಗ ಇದ್ದಿಲು ಒಲಿ ಇಡ್ತಾರ. ಪರದೆ ಪೂರಾ ಮುಚ್ಚಿ ಒಲಿ ಇಟ್ರ ಇಂಗಾಲದ ಮೊನಾಕ್ಸೈಡ್ ತುಂಬಿ ಬೆಳಗಾಗೋದ್ರೊಳಗ ಎಲ್ಲಾ ಖಲಾಸ್. ನಿಮ್ಮದೇ ಮಾತು ಇಲ್ಲೂ ಬರ್ತದ: ಗೋಣಿಪರದೆ ಕೆಳಗಿಂದ ಮ್ಯಾಲ ಕಟ್ಟಬೇಕು, ಮ್ಯಾಲ ಒಂದಡಿ ಖುಲ್ಲಾ ಬಿಡಬೇಕು. ಹಾಸಿಗೆ ನಮ್ಮ ಕಡೆ ಶೇಂಗಾ ಹೊಟ್ಟು ಇಲ್ಲಾ ಭತ್ತದ ಹೊಟ್ಟು, ಮೂರು ಇಂಚು. ಶೇಂಗಾ ಹೊಟ್ಟು ಮೊದಲು ಬಿಸಲಾಗ ಒಣಗಸ್ರಿ, ಬೂಷ್ಟು ಇದ್ರ ಹಾಕಬ್ಯಾಡ್ರಿ.

ಸುಮಾ_ಹಿತ್ತಲು · ನ್ಯೂಯಾರ್ಕ್ ರಾಜ್ಯ

ಬೀದರ್ ಅಣ್ಣಾ, ಚೆನ್ನಾಗಿ ಬರೆದಿರಿ. ಚಳಿಗೆ ಹುಳಹುಪ್ಪಟೆ ಇರಲ್ಲ ಅಲ್ವಾ? ಅದೊಂದು ನೆಮ್ಮದಿ.

ಹಳೇಹುಂಜ · ಮಿಷಿಗನ್

ಆ ನೆಮ್ಮದಿ ಬೇಡ ಅಕ್ಕಾ. ಗೂಡಿನ ಸಂದಿಯಲ್ಲಿರುವ ಕೆಂಪು ನುಸಿ (ರೆಡ್ ಮೈಟ್) ಕಡಿಮೆಯಾಗುತ್ತದೆ, ನಿಜ. ಆದರೆ ನಾರ್ದರ್ನ್ ಫೌಲ್ ಮೈಟ್ ಎಂಬ ನುಸಿ ಕೋಳಿಯ ಮೈಮೇಲೇ ಬಾಳುವಂಥದ್ದು, ಅದಕ್ಕೆ ಚಳಿಗಾಲವೇ ಸುಗ್ಗಿ. ತಿಂಗಳಿಗೆ ಎರಡು ಸಲ ರಾತ್ರಿ ಟಾರ್ಚ್ ಹಿಡಿದು ಗುದದ ಕೆಳಗಿನ ಗರಿ ಬಿಡಿಸಿ ನೋಡಿ. ಗರಿಬುಡ ಮಸಿ ಬಳಿದಂತಿದ್ದು, ಚುಕ್ಕೆಗಳು ಕೈಮೇಲೆ ಹರಿದರೆ ಅದೇ. ಕೋಳಿಗೆಂದೇ ಮಾರುವ ಪರ್ಮೆಥ್ರಿನ್ ಪುಡಿ, ಡಬ್ಬಿಯ ಮೇಲಿನ ಅಳತೆಗೆ, 7–10 ದಿನಕ್ಕೆ ಮತ್ತೊಮ್ಮೆ. ಓಡಾಟದ ಜಾಗದಲ್ಲಿ ಮಾಡಿನಡಿ ಒಣ ಮಣ್ಣು–ಮರಳಿನ ಒಂದು ತೊಟ್ಟಿ ಇಟ್ಟರೆ ಮಣ್ಣಾಡಿಕೊಳ್ಳುತ್ತವೆ. ಮಣ್ಣನ್ನು ಅಕ್ಟೋಬರಿನಲ್ಲೇ ಚೀಲದಲ್ಲಿ ತುಂಬಿಡಬೇಕು, ಈಗ ಅಗೆಯಲು ಹೋದರೆ ಗುದ್ದಲಿ ಮುರಿಯುತ್ತದೆ.

ಮೇವಿನ ತೊಟ್ಟಿ ಕಾಡುಹಕ್ಕಿಗೆ ಸಿಗದಂತಿರಲಿ. 2022ರಿಂದ ಅಮೆರಿಕದಲ್ಲಿ ಹರಡುತ್ತಿರುವ ಎಚ್5ಎನ್1 ಹಕ್ಕಿಜ್ವರ ಕಾಡು ಬಾತುಕೋಳಿ, ಹೆಬ್ಬಾತುಗಳ ಹಿಕ್ಕೆಯಿಂದ ಬರುತ್ತದೆ. ಗೂಡಿಗೆ ಬೇರೆ ಬೂಟು ಇಟ್ಟುಕೊಳ್ಳಿ.

ಮಿನ್ನಿಗೂಡು · ಮಿನ್ನೆಸೋಟ

ಕಿಂಡಿ ಕೊಯ್ದು ಜಾಲರಿ ಬಡಿದೆ, ನೀರು ಹೊರಗೆ ಹೋಯಿತು, ಹಲಗೆ ಇಟ್ಟೆ. ಮೂರನೇ ಬೆಳಿಗ್ಗೆ ಗಾಜಿನ ಕೆಳಮೂಲೆಯಲ್ಲಿ ಮಾತ್ರ ಒಂದು ಬೆರಳಗಲ ಹಿಮ. ಘಾಟು ಇಲ್ಲ. ಒಳಗೆ ಹೊರಗಿಗಿಂತ 6 ಫ್ಯಾರನ್‌ಹೀಟ್ ಜಾಸ್ತಿ ಅಷ್ಟೇ. ತೇವಮಾಪಕ ಶೇಕಡ 72 ತೋರಿಸುತ್ತಿದೆ. ಅದು ಎಷ್ಟಿರಬೇಕು?

ಲೆಕ್ಕದಪುಸ್ತಕ · ಒಂಟಾರಿಯೊ

ಅಗ್ಗದ ತೇವಮಾಪಕಗಳು ಸೊನ್ನೆಯ ಕೆಳಗೆ ಸರಿಯಾಗಿ ಓದುವುದಿಲ್ಲ. ಹೊರಗಿನ ಗೋಡೆಗೆ ಅಂಥದ್ದೇ ಇನ್ನೊಂದು ನೇತುಹಾಕಿ, ಎರಡರ ವ್ಯತ್ಯಾಸ ನೋಡಿ. ಗಾಜು ಅದಕ್ಕಿಂತ ನಂಬಿಕೆಯದು. ಕೆಳಮೂಲೆಯ ಬೆರಳಗಲ ಪರವಾಗಿಲ್ಲ. ಅದು ಮೇಲಕ್ಕೆ ಏರತೊಡಗಿದರೆ ಗೋಣಿ ಗಟ್ಟಿಯಾಗಿದೆಯೇ ನೋಡಿ.

ಮಿನ್ನಿಗೂಡು · ಮಿನ್ನೆಸೋಟ

ಹೀಟ್ ಲ್ಯಾಂಪಿನ ರಸೀದಿ ಇನ್ನೂ ಇದೆ.

ನಲ್ಲಿನೀರು · ಮಿನ್ನೆಸೋಟ

ವಾಪಸ್ ಕೊಡಿ. ಅದೇ ದುಡ್ಡಿಗೆ ರಬ್ಬರ್ ಬೋಗುಣಿ ಎರಡು ಬರುತ್ತವೆ. ಮೈನಸ್ 20ರ ದಿನ ನಿಪ್ಪಲ್ ಕಚ್ಚಿಕೊಂಡರೆ ಕೈಗೆ ಬೇಕಾಗುವುದು ಅವೇ.